ಬೀಗದ ಗೀಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಅಲ್ಲಿರದೆ ಇನ್ನೆಲ್ಲಿರಬೇಕು? ಬೇಕಾದಾಗ ಕೈಗೆ ಸಿಗಬೇಡವೇ? ತಮ್ಮನ ಆಸ್ಪತ್ರೆಯ ವಿಷಯದಲ್ಲಿ ನಾನು ತಣ್ಣಗೆ ಕೂತಿದ್ದರೆ ಅವನ ಕಸುಬೇ ಅವನ ಕೈತಪ್ಪಿ ಹೋಗುತ್ತಿತ್ತು. ಹಾಗೆಂದು ಎಲ್ಲವೂ ನನ್ನ ಕೋಪದಿಂದಲೇ ಸರಿಹೋಯಿತು ಎಂದರೆ ಅದೂ ಸುಳ್ಳು. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ನಾಳೆ ಪ್ಯಾಂಟು ರೆಡಿ ಇರುತ್ತದೆ ಎನ್ನುವುದೊಂದನ್ನು ಬಿಟ್ಟು.

ನಾನು ಹೊಲಿಗೆಯವಳು. ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ನನ್ನ ಅಂಗಡಿ. ತಮ್ಮ ಬೀಗದವನು. ಅವನದು ರಸ್ತೆಯ ಆಚೆ ಬದಿ: ಒಂದು ಮೇಜು, ಕೀಲಿಕೈ ಕೊರೆಯುವ ಒಂದು ಯಂತ್ರ, ಗೋಡೆ ತುಂಬ ಮೊಳೆಗೆ ನೇತುಹಾಕಿದ ಕೀಲಿಕೈಗಳು. ಯಾರಾದರೂ ಬೀಗ ತಂದರೆ ಅವನು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. "ಒಳಗೆ ಏನೋ ಸಡಿಲ ಆಗಿದೆ" ಎಂದು ಅವನು ಹೇಳಿದರೆ ಮುಗಿಯಿತು, ಸಡಿಲ ಆಗಿಯೇ ಇರುತ್ತದೆ.

ಹೋದ ವರ್ಷ ಅವನೊಳಗೇ ಏನೋ ಸಡಿಲವಾಯಿತು. ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ, ತಾನೇ ಬಸ್ಸು ಹತ್ತಿ ಮನೋರೋಗದ ಆಸ್ಪತ್ರೆಗೆ ಹೋಗಿ, "ನನ್ನನ್ನ ಸೇರಿಸ್ಕೊಳ್ಳಿ, ಹೊರಗಿದ್ರೆ ಏನ್ ಮಾಡ್ಕೋತೀನೋ ಗೊತ್ತಿಲ್ಲ" ಎಂದು ಹೇಳಿದನಂತೆ. ನನಗೆ ಆಸ್ಪತ್ರೆಯಿಂದಲೇ ಫೋನು ಬಂತು. ನಾನು ಕತ್ತರಿ ಬಿಸಾಕಿ ಓಡಿದೆ.

ಆಸ್ಪತ್ರೆ ಕೆಟ್ಟದ್ದೇನಲ್ಲ, ಆ ಮಾತು ಮೊದಲೇ ಹೇಳಿಬಿಡುತ್ತೇನೆ. ಹಾಸಿಗೆ ಶುಚಿ, ಊಟ ಬಿಸಿ. ವಾರ್ಡಿನ ದೊಡ್ಡ ಸಿಸ್ಟರ್ ದಪ್ಪ ದನಿಯವಳು, ಆದರೆ ಕೈ ಮೆತ್ತಗೆ. ಮೂರೇ ವಾರದಲ್ಲಿ ತಮ್ಮ ತಟ್ಟೆ ಖಾಲಿ ಮಾಡುವಷ್ಟಾದ. ಆದರೆ ಆ ವಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ರೋಗಿ ಬಾಯಿ ಬಿಟ್ಟು ಏನು ಹೇಳಿದರೂ ಸಿಸ್ಟರುಗಳು ಅವನ ಫೈಲಿನಲ್ಲಿ 'ಲಕ್ಷಣ' ಎಂಬ ಕಾಲಮ್ಮಿನಲ್ಲಿ ಬರೆಯಬೇಕು. ಬರೆಯುವುದಕ್ಕೆ ಬೇರೆ ಕಾಲಮ್ಮೇ ಇರಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಮೇಷ್ಟ್ರು. ನಲವತ್ತು ವರ್ಷ ಭೂಗೋಳ ಪಾಠ ಮಾಡಿದವರು. ಈಗ ಪ್ರಪಂಚದ ನದಿಗಳೆಲ್ಲ ನೆನಪಿದ್ದವು, ಬೆಳಿಗ್ಗೆ ಏನು ತಿಂದದ್ದು ಎಂಬುದು ಮಾತ್ರ ಮರೆತುಹೋಗುತ್ತಿತ್ತು. ಅವರು ಒಂದು ದಿನ "ತಲೆ ಮೇಲೆ ಕಟಕಟ ಅಂತ ಸದ್ದು" ಎಂದರು. ಲಕ್ಷಣ: ಸದ್ದು ಕೇಳಿಸುತ್ತದೆ ಎನ್ನುತ್ತಾರೆ. ನಾನು ತಲೆಯೆತ್ತಿ ನೋಡಿದೆ. ಫ್ಯಾನಿನ ಒಂದು ರೆಕ್ಕೆ ಸಡಿಲವಾಗಿ ಕಟಕಟ ಎನ್ನುತ್ತಿತ್ತು.

"ಸಿಸ್ಟರ್, ನಂಗೂ ಕೇಳಿಸ್ತಿದೆ. ಒಂದು ಹಾಸಿಗೆ ಖಾಲಿ ಇದ್ರೆ ಹೇಳಿ" ಎಂದೆ.

ಅವಳು ನಕ್ಕಳು, ಮೇಷ್ಟ್ರೂ ನಕ್ಕರು. ಫ್ಯಾನು ಕಟಕಟ ಎನ್ನುತ್ತಲೇ ಇತ್ತು.

ತಮ್ಮನ ಕಣ್ಣು ಬಿದ್ದದ್ದು ವಾರ್ಡಿನ ಹಿಂಬಾಗಿಲ ಮೇಲೆ. ಅದರಾಚೆ ಕಡಿದಾದ ಮೆಟ್ಟಿಲು, ಕೆಳಗೆ ಸಿಮೆಂಟಿನ ಅಂಗಳ. ಆ ಬಾಗಿಲಿಗೆ ಯಾವಾಗಲೂ ಬೀಗ ಬಿದ್ದಿರಬೇಕು. ಬೀಗವೇನೋ ಬಿದ್ದಿತ್ತು. ಆದರೆ ಊಟದ ಗಾಡಿ ಅದರ ಪಕ್ಕ ಹೋದಾಗಲೆಲ್ಲ ಬಾಗಿಲು ಒಂದು ಕೂದಲೆಳೆಯಷ್ಟು ಅಲುಗುವುದನ್ನು ಇವನು ನೋಡಿದ. ಇವನ ಕಣ್ಣಿಗೆ ಅಷ್ಟು ಸಾಕು. ಸಿಸ್ಟರಿಗೆ ಹೇಳಿದ: "ಒಳಗಿನ ಸ್ಪ್ರಿಂಗ್ ಸತ್ತಿದೆ. ಯಾರಾದ್ರೂ ಭುಜ ಕೊಟ್ಟು ತಳ್ಳಿದ್ರೆ ತೆರ್ಕೊಳ್ಳುತ್ತೆ. ಬದಲಾಯಿಸಿ." ಲಕ್ಷಣ: ಬೀಗಗಳ ಬಗ್ಗೆ ಗೀಳು. ರಾತ್ರಿಯ ಮಾತ್ರೆಗೆ ಅರ್ಧ ಮಾತ್ರೆ ಸೇರಿತು.

ನಾಲ್ಕು ದಿನ ಬಿಟ್ಟು ಮತ್ತೆ ಹೇಳಿದ. ಗೀಳು ಹೆಚ್ಚಾಗಿದೆ. ಇನ್ನರ್ಧ ಮಾತ್ರೆ. ಮೂರನೆಯ ಸಲ ಒಂದು ಚೀಟಿಯಲ್ಲಿ ಬೀಗದ ಚಿತ್ರ ಬರೆದು, ಸ್ಪ್ರಿಂಗಿಗೆ ಬಾಣದ ಗುರುತು ಹಾಕಿ ಕೊಟ್ಟ. ಆ ಚೀಟಿಯನ್ನೂ ಫೈಲಿಗೆ ಅಂಟಿಸಿದರು, 'ಬೀಗದ ಚಿತ್ರಗಳನ್ನು ಬರೆಯತೊಡಗಿದ್ದಾರೆ' ಎಂದು. ಆಮೇಲೆ ಅವನು ಸುಮ್ಮನಾದ. "ಇನ್ನೊಂದ್ಸಲ ಹೇಳಿದ್ರೆ ಎಚ್ಚರ ಇರೋದೇ ಕಷ್ಟ ಅಕ್ಕ" ಎಂದು ನನ್ನ ಹತ್ತಿರ ಹೇಳಿಕೊಂಡ. ಅವನ ಲಕ್ಷಣ ಕಡಿಮೆಯಾಗಿದೆ ಎಂದು ಫೈಲಿನಲ್ಲಿ ಬರೆದರು.

ಹತ್ತು ದಿನದ ನಂತರ, ಮಧ್ಯಾಹ್ನ ಎರಡು ಗಂಟೆಗೆ, ಪಕ್ಕದ ರಸ್ತೆಯ ಶಾಲೆಯಲ್ಲಿ ಗಂಟೆ ಹೊಡೆಯಿತು. ಮೇಷ್ಟ್ರಿಗೆ ತರಗತಿಯ ನೆನಪಾಯಿತು. ಎದ್ದವರೇ ಹಿಂಬಾಗಿಲಿಗೆ ಭುಜ ಕೊಟ್ಟರು. ತೆರೆದುಕೊಂಡಿತು. ತಮ್ಮ ಮಾತ್ರೆಯ ಮಂಪರಿನಲ್ಲೇ ಎದ್ದು ಹಿಂದೆ ಓಡಿದ. ಎರಡನೆಯ ಮೆಟ್ಟಿಲಲ್ಲಿ ಮೇಷ್ಟ್ರ ಕಾಲು ಜಾರಿತು, ಇವನು ಹಾರಿ ಅವರನ್ನು ತಬ್ಬಿಕೊಂಡ, ಇಬ್ಬರೂ ಕೆಳಗಿನವರೆಗೆ ಉರುಳಿದರು. ಇವನು ಕೆಳಗೆ, ಮೇಷ್ಟ್ರು ಮೇಲೆ. ಮೇಷ್ಟ್ರಿಗೆ ಒಂದು ತರಚು ಗಾಯವೂ ಇಲ್ಲ. ಇವನ ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಜನ ಓಡಿಬರುವ ಹೊತ್ತಿಗೆ ಮೇಷ್ಟ್ರು ಇವನ ಪಕ್ಕದಲ್ಲಿ ಕೂತು ಹಾಜರಿ ಕರೆಯುತ್ತಿದ್ದರಂತೆ, ನೋವಿನಲ್ಲಿ ಇವನು "ಹಾಜರ್ ಸಾರ್" ಎಂದನಂತೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರಂತೆ. ಮರುದಿನವೇ ಹಿಂಬಾಗಿಲಿಗೆ ಹೊಸ ಬೀಗ ಬಂತು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಹೋಗಲಿ ಎನ್ನುತ್ತಿದ್ದೆನೇನೋ. ಎರಡು ತಿಂಗಳ ಮೇಲೆ ತಮ್ಮ ಊರುಗೋಲಿನಲ್ಲಿ ಮನೆಗೆ ಬಂದ. ಮನಸ್ಸು ಎಷ್ಟೋ ತಿಳಿಯಾಗಿತ್ತು, ಅಂಗಡಿ ತೆರೆಯುತ್ತೇನೆ ಎಂದು ಕುಣಿಯುತ್ತಿದ್ದ. ಕುಣಿಯುವುದಕ್ಕೆ ಒಂದೇ ಕಾಲಿತ್ತು, ಆ ಮಾತು ಬೇರೆ. ಆದರೆ ಬೀಗದ ಕೆಲಸಕ್ಕೆ ಪರವಾನಗಿ ಕಾರ್ಡು ಬೇಕು. ಕಾರ್ಡಿಲ್ಲದವನು ಪರರ ಬೀಗ ಮುಟ್ಟಿದರೆ ಕಳ್ಳನೆಂದೇ ಲೆಕ್ಕ. ಕಾರ್ಡಿನ ಅವಧಿ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಕಾರ್ಡಿನ ಕಚೇರಿಯವರು ಊರುಗೋಲು ನೋಡಿ, ಎಲ್ಲಿ ಏನಾಯಿತೆಂದು ಕೇಳಿ, ಹೊಸ ಕಾರ್ಡಿಗೆ ಆಸ್ಪತ್ರೆಯಿಂದ ಒಂದು ಪತ್ರ ತನ್ನಿ ಎಂದರು. ಆಸ್ಪತ್ರೆಯವರು ಫೈಲು ನೋಡಿ ಪತ್ರ ಬರೆದುಕೊಟ್ಟರು.

ಪತ್ರದಲ್ಲಿದ್ದದ್ದು ಇದು: 'ಬೀಗಗಳ ಬಗ್ಗೆ ಗೀಳು ಇರುವ ಈ ರೋಗಿ ವಾರ್ಡಿನ ಬೀಗ ತೆರೆದು, ಮತ್ತೊಬ್ಬ ರೋಗಿಯನ್ನೂ ಕರೆದುಕೊಂಡು ಪರಾರಿಯಾಗುವಾಗ ಬಿದ್ದು ಗಾಯಗೊಂಡರು.'

ಕಾರ್ಡು ಕೊಡುವ ಗುಮಾಸ್ತ ಅದನ್ನು ಎರಡು ಸಲ ಓದಿ, ನಮ್ಮ ಅರ್ಜಿಯನ್ನು ಬೆರಳ ತುದಿಯಲ್ಲಿ ಹಿಂದಕ್ಕೆ ತಳ್ಳಿದ. "ಇಂಥವ್ರ ಕೈಗೆ ಯಾರ್ ಕೊಡ್ತಾರಮ್ಮ ಮನೆ ಕೀಲಿ?" ಎಂದ. ತಮ್ಮನ ಮುಖ ನೋಡಿದೆ. ಆಸ್ಪತ್ರೆಗೆ ಹೋಗುವ ಮುಂಚೆ ಇದ್ದ ಮುಖ ಮತ್ತೆ ಬಂದಿತ್ತು. ಆಗ ನನಗೆ ಹತ್ತಿಕೊಂಡ ಬೆಂಕಿ ಇದೆಯಲ್ಲ, ಆ ಕಚೇರಿಯ ಹಂಚು ಹಾರಿಹೋಗದಿದ್ದದ್ದೇ ಹೆಚ್ಚು.

ನನ್ನ ಗಿರಾಕಿಗಳಲ್ಲಿ ಒಬ್ಬಳು ವಕೀಲೆ. ಅವಳ ಕರಿ ಕೋಟು ಎರಡು ವರ್ಷದಿಂದ ನನ್ನ ಕೈಯಲ್ಲೇ ಅಗಲವಾಗುತ್ತಿತ್ತು. ಅವಳ ಮುಂದೆ ಎಲ್ಲ ಸುರಿದೆ. ಆಸ್ಪತ್ರೆಯ ಮೇಲೆ ನಿರ್ಲಕ್ಷ್ಯದ ದಾವೆ ಹೂಡೋಣ ಎಂದಳು. ಫೈಲಿನ ನಕಲು ತರಿಸಿದಳು. ಲಕ್ಷಣದ ಪುಟಗಳನ್ನಷ್ಟೇ ಕೊಟ್ಟರು, ಮೊದಲಿನ ಪುಟಗಳು ಗುಟ್ಟಂತೆ. ಇದ್ದಷ್ಟನ್ನೇ ಓದಿ ಅವಳು ನಗುವುದೋ ಅಳುವುದೋ ತಿಳಿಯದೆ ಕೂತಳು. "ಅಮ್ಮಾ, ಇವ್ರು ತಪ್ಪನ್ನ ತಾವೇ ತಾರೀಖು ಹಾಕಿ ಬರ್ದಿಟ್ಟಿದಾರೆ" ಎಂದಳು.

ನೋಟೀಸು ಹೋದ ವಾರದಲ್ಲೇ ಉತ್ತರ ಬಂತು. ಕಾಲಿಗೆ ಪರಿಹಾರ ಕೊಡುತ್ತೇವೆ, ಫೈಲಿನ ಮಾತು ಮಾತ್ರ ಎತ್ತಬಾರದು. ನಮ್ಮ ಮನೆಯವರು "ತಗೊಂಡು ಸುಮ್ನಾಗಿ, ಕೋರ್ಟು ಕಚೇರಿ ಯಾರಿಗ್ ಬೇಕು" ಎಂದರು. ನನಗೂ ಒಂದು ಗಳಿಗೆ ಆಸೆಯಾಯಿತು, ಇಲ್ಲ ಎನ್ನುವುದಿಲ್ಲ. ತಮ್ಮ ಮಾತ್ರ ತಲೆಯಾಡಿಸಿದ. "ಕಾಲು ತಾನಾಗೇ ಕೂಡ್ಕೊಳ್ಳುತ್ತೆ. ಬೀಗ ಒಡ್ದೋನು ಅನ್ನೋ ಮಾತು ಕೂಡ್ಕೊಳ್ಳಲ್ಲ. ಆ ಸಾಲು ಹೊಡ್ದುಹಾಕ್ಲಿ, ಅಷ್ಟು ಸಾಕು."

ಹೀಗಾಗಿ ಕೋರ್ಟಿಗೆ ಹೋಗುವ ಮುಂಚೆ ಒಂದು ಸಲ ಎದುರುಬದುರು ಕೂತು ಮಾತಾಡೋಣ ಎಂದು ಆಸ್ಪತ್ರೆಯವರು ಕರೆದರು. ತಿಂಗಳು ಮುಗಿಯಲು ಎಂಟು ದಿನ ಇತ್ತು. ಸಭೆಯ ಕೋಣೆ ನೋಡಬೇಕಿತ್ತು! ಉದ್ದನೆಯ ಮೇಜು, ಮೆತ್ತನೆಯ ಕುರ್ಚಿ, ಮೂಲೆಯಲ್ಲಿ ಹೂದಾನಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದುಕೊಂಡೆ. ಒಂದು ಸ್ಪ್ರಿಂಗಿಗೆ ಗತಿಯಿರಲಿಲ್ಲ ಇವರಿಗೆ. ಆ ಕಡೆ ದೊಡ್ಡ ಡಾಕ್ಟರು, ಅವರ ಪಕ್ಕ ಆಸ್ಪತ್ರೆಯ ವಕೀಲರು, ಕೊನೆಯಲ್ಲಿ ವಾರ್ಡಿನ ದೊಡ್ಡ ಸಿಸ್ಟರ್, ಮಡಿಲಲ್ಲಿ ಒಂದು ಬಟ್ಟೆಚೀಲ. ಈ ಕಡೆ ನಾವು ಮೂವರು ಮತ್ತು ಊರುಗೋಲು.

ಅವರ ವಕೀಲರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಬೀಗ ಸರಿಯಾಗೇ ಇತ್ತು. ಕಸುಬುದಾರ ಕೈಹಾಕಿ ತೆಗ್ದಿದ್ದಾನೆ. ಇಲ್ಲಾಂದ್ರೆ ಅರವತ್ತೆಂಟು ವರ್ಷದ ಮೇಷ್ಟ್ರ ಕೈಲಿ ಅದು ತೆರ್ಕೊಳ್ಳೋಕೆ ಸಾಧ್ಯನಾ?"

"ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋರು ನೀವು" ಎಂದೆ. ನಮ್ಮ ವಕೀಲೆ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಆಗ ಸಿಸ್ಟರ್ ಎದ್ದು ನಿಂತಳು. ಯಾರೂ ಅವಳನ್ನು ಕೇಳಿರಲಿಲ್ಲ. ಬಟ್ಟೆಚೀಲದಿಂದ ಹಳೆಯ ಬೀಗವನ್ನು ತೆಗೆದು ಮೇಜಿನ ಮೇಲಿಟ್ಟಳು. "ಗುಜರಿಗೆ ಹಾಕು ಅಂದ್ರು. ಮನಸ್ಸು ಬರ್ಲಿಲ್ಲ ಸಾರ್, ನನ್ನ ಕಪಾಟಲ್ಲೇ ಇಟ್ಕೊಂಡಿದ್ದೆ. ಆವತ್ತಿಂದ ಇದು ಅಲ್ಲಿದೆ ಅಂತ ನಂಗೆ ಸರಿಯಾಗಿ ಊಟ ಸೇರ್ತಿಲ್ಲ" ಎಂದಳು. ದೊಡ್ಡ ಡಾಕ್ಟರ ಮುಖ ಬಿಸಿತುಪ್ಪ ಬಾಯಿಗೆ ಬಿದ್ದವರಂತಾಯಿತು.

ತಮ್ಮ ಕೈಚಾಚಿ ಬೀಗ ತೆಗೆದುಕೊಂಡ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಜೇಬಿನಿಂದ ಒಂದು ಸಣ್ಣ ತಿರುಪುಳಿ ತೆಗೆದು ಹಿಂಬದಿಯ ತಗಡು ಬಿಚ್ಚಿದ. ಸ್ಪ್ರಿಂಗು ಮುರಿದು ಎರಡಾಗಿತ್ತು, ಮುರಿದ ತುದಿಗೆ ದಪ್ಪನೆ ತುಕ್ಕು.

"ಈ ತುಕ್ಕು ನೋಡಿ" ಎಂದ. "ಒಂದು ತಿಂಗಳದ್ದಲ್ಲ, ವರ್ಷದ್ದು. ನಾನು ಬರೋಕೆ ಮುಂಚೇನೇ ಸತ್ತಿದೆ. ಕಸುಬುದಾರ ಕೈಹಾಕಿದ್ರೆ ಇಲ್ಲಿ ತಿರುಪಿನ ತಲೆ ಮೇಲೆ ಗೀರು ಬೀಳುತ್ತೆ. ಬಿದ್ದಿದ್ಯಾ? ಇಲ್ಲ. ಈಗ ನಾನು ಹಾಕಿದ್ದು ಮಾತ್ರ ಇದೆ, ಹೊಳೀತಿದೆ ನೋಡಿ. ಮತ್ತೆ ಇದು ಬಾಗ್ಲಿನ ಒಳಗಡೆಯಿಂದ ಕೈಗೆ ಸಿಗೋ ಬೀಗಾನೇ ಅಲ್ಲ ಸಾರ್. ಮೇಷ್ಟ್ರು ಬೀಗ ತೆಗೀಲಿಲ್ಲ, ಬಾಗಿಲಿಗೆ ಒರಗಿದ್ರು ಅಷ್ಟೆ."

ಹತ್ತು ನಿಮಿಷ ಮಾತಾಡಿದ. ಒಂದು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರ ವಕೀಲರೂ ಕನ್ನಡಕ ಹಣೆಗೇರಿಸಿ ಬೀಗದೊಳಗೆ ಬಗ್ಗಿ ನೋಡುತ್ತಿದ್ದರು. ಕೊನೆಗೆ "ನಮ್ಮ ಮನೆ ಗೇಟಿನ ಬೀಗಾನೂ ಹೀಗೇ ಅಲುಗುತ್ತಲ್ಲ!" ಎಂದುಬಿಟ್ಟರು, ಮತ್ತು ತಾವು ಯಾರ ಕಡೆಯವರೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ನಮ್ಮ ವಕೀಲೆ ನಕ್ಕಳು. ದೊಡ್ಡ ಡಾಕ್ಟರೂ ನಕ್ಕರು, ನಕ್ಕ ಮೇಲೆ ಬಿಗಿಯಾಗಿ ಕೂರುವುದು ಅವರಿಗೆ ಆಗಲಿಲ್ಲ.

"ತಪ್ಪು ನಮ್ಮದೇ" ಎಂದರು. "ಇವ್ರು ಮೂರು ಸಲ ಹೇಳಿದ್ರು. ನಾವು ಮೂರು ಸಲಾನೂ ಮಾತ್ರೆ ಕೊಟ್ವಿ."

"ಎರಡು ಸಲ ಸಾರ್. ಮೂರನೇ ಸಲ ಚಿತ್ರ ಅಂಟಿಸಿದ್ರಿ" ಎಂದು ತಮ್ಮ ತಿದ್ದಿದ.

ಆಮೇಲಿನದು ಬೇಗಬೇಗ ನಡೆಯಿತು. ಫೈಲುಗಳಿಗೆ ಎರಡನೆಯ ಕಾಲಮ್ಮು ಹಾಕುವುದೆಂದಾಯಿತು. ಬಾಗಿಲು, ಕಿಟಕಿ, ನಲ್ಲಿ, ಫ್ಯಾನಿನ ಬಗ್ಗೆ ರೋಗಿ ಏನೇ ಹೇಳಲಿ, ಅದನ್ನು ಆ ಕಾಲಮ್ಮಿಗೆ ಬರೆದು, ಯಾರಾದರೊಬ್ಬರು ಎದ್ದುಹೋಗಿ ಕೈಮುಟ್ಟಿ ನೋಡಿಬರಬೇಕು. ನೋಡದೆ ಅದನ್ನು ಲಕ್ಷಣ ಎಂದು ಬರೆಯುವಂತಿಲ್ಲ, ಮಾತ್ರೆ ಹೆಚ್ಚಿಸುವಂತಂತೂ ಇಲ್ಲವೇ ಇಲ್ಲ. "ನಾಳೆ ಮೊದಲು ಮೇಷ್ಟ್ರ ಫ್ಯಾನು" ಎಂದಳು ಸಿಸ್ಟರ್, ಮೂಗು ಒರೆಸಿಕೊಳ್ಳುತ್ತ. ಸುಳ್ಳು ಸಾಲುಗಳನ್ನೆಲ್ಲ ಹೊಡೆದು, ನಡೆದದ್ದು ನಡೆದ ಹಾಗೆ ಬರೆದು, ಕಾರ್ಡಿನ ಕಚೇರಿಗೆ ಹೊಸ ಪತ್ರ ಕೊಡುತ್ತೇವೆ ಎಂದರು ಡಾಕ್ಟರು.

ಇಷ್ಟಕ್ಕೆ ನಾನು ಎದ್ದು ಕೈಮುಗಿಯಬೇಕಿತ್ತು. ಆದರೆ ಗೆದ್ದವಳ ಬಾಯಿ ಕೇಳಬೇಕೇ? "ಸಾಲು ಗೀಲು ಬೇಡ. ಇಡೀ ಫೈಲೇ ಹರ್ದು ಹಾಕಿ" ಎಂದೆ. "ನನ್ನ ತಮ್ಮ ಈ ಆಸ್ಪತ್ರೆಗೆ ಬಂದಿರ್ಲಿಲ್ಲ ಅನ್ನೋ ಹಾಗಿರ್ಬೇಕು. ನಾಳೆ ಯಾರಾದ್ರೂ ಇದನ್ನ ಓದಿದ್ರೆ ಏನಂದ್ಕೋತಾರೆ?"

"ಬೇಡ" ಎಂದ ತಮ್ಮ.

"ನೀನು ಸುಮ್ನಿರೋ."

"ಬೇಡ ಅಕ್ಕ. ಮೊದಲನೇ ಪುಟ ನಿಜ. ಅದು ಇರ್ಲಿ. ಮತ್ತೆ ಯಾವತ್ತಾದ್ರೂ ನಾನು ಇಲ್ಲಿಗೆ ಬಂದ್ರೆ, ಮಾತಾಡೋಕಾಗದೆ ಇದ್ರೆ, ಇವ್ರಿಗೆ ಗೊತ್ತಿರ್ಬೇಕಲ್ಲ."

ಡಾಕ್ಟರು ಫೈಲು ತೆರೆದು ತಮ್ಮನ ಮುಖ ನೋಡಿದರು. ಅವನು ಆಗಲಿ ಎಂದು ತಲೆಯಾಡಿಸಿದ ಮೇಲೆ ಅದನ್ನು ನನ್ನ ಕಡೆ ತಿರುಗಿಸಿದರು. ಸೇರಿಸಿಕೊಂಡ ದಿನ ಅವನು ಹೇಳಿದ್ದನ್ನು ಸಿಸ್ಟರ್ ಅವನ ಮಾತಿನಲ್ಲೇ ಬರೆದುಕೊಂಡಿದ್ದಳು. 'ಬದುಕುವುದು ಬೇಡ ಅನಿಸುತ್ತಿದೆ. ಇವತ್ತು ಮಧ್ಯಾಹ್ನ ಅಕ್ಕನ ಅಂಗಡಿಗೆ ಹೋಗಿ ಹೇಳಿದೆ. ಅಕ್ಕ ಕೆಲಸದಲ್ಲಿದ್ದಳು.'

ಮೂರು ಸಲ ಓದಿದೆ. ಆ ದಿನ ನೆನಪಾಯಿತು. ಒಂದು ಮದುವೆಯ ಕೋಟು ಸಂಜೆಗೆ ಕೊಡಬೇಕಿತ್ತು. ತಮ್ಮ ಬಂದು ಸ್ಟೂಲಿನ ಮೇಲೆ ಕೂತಿದ್ದ. ಏನೋ ಹೇಳಿದ್ದ. ಏನು ಹೇಳಿದ ಎಂಬುದು ಮಾತ್ರ ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ. ಕಿವಿಯ ಮೇಲೆ ಬಿದ್ದಿದ್ದರೆ ತಾನೇ ನೆನಪಿರುವುದು?

ಫೈಲು ಮುಚ್ಚಿ ಡಾಕ್ಟರ ಕಡೆಗೇ ಸರಿಸಿದೆ. ಸಹಿಗಳಾದವು, ಡಾಕ್ಟರು ಹೊಸ ಪತ್ರವನ್ನು ಅಲ್ಲೇ ಬರೆಸಿ ತಮ್ಮನ ಕೈಗಿತ್ತರು, ಸಿಸ್ಟರ್ ಗೇಟಿನವರೆಗೂ ಬಂದಳು. ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ನಡುಮಧ್ಯಾಹ್ನ, ರಸ್ತೆ ತುಂಬ ಜನ, ನಾಚಿಕೆ ಬಿಟ್ಟು ಅತ್ತೆ.

"ಆವತ್ತು ನಾನೇನಂದೆನೋ?" ಎಂದು ಕೇಳಿದೆ.

"ಹೂಂ ಅಂದೆ."

"ಅಷ್ಟೇನಾ?"

"ಆಮೇಲೆ, ಡಬ್ಬೀಲಿ ಊಟ ಇದೆ, ತಿಂದು ಹೋಗು ಅಂದೆ."

"ತಿಂದ್ಯಾ?"

"ತಿಂದೆ. ನಾಲ್ಕು ದಿನದಿಂದ ಏನೂ ತಿಂದಿರ್ಲಿಲ್ಲ. ಹೊಟ್ಟೆಗೆ ಬಿದ್ಮೇಲೆ ಬಸ್ ಹತ್ತೋ ಅಷ್ಟು ಶಕ್ತಿ ಬಂತು, ಆಸ್ಪತ್ರೆಗೆ ಹೋದೆ" ಎಂದು ನಕ್ಕ. "ನಿನ್ನೂಟಾನೂ ತಿಂದೆ, ನಿನ್ನ ಕೈಲಿ ಬೈಸ್ಕೊಳ್ಳೋದೂ ತಪ್ತು."

"ನನ್ ಮೇಲೂ ಒಂದು ದಾವೆ ಹಾಕೋ" ಎಂದೆ, ಸೆರಗಲ್ಲಿ ಮುಖ ಒರೆಸಿಕೊಂಡು.

"ವಕೀಲಮ್ಮ ನಿನ್ನ ಗಿರಾಕಿ, ನನಗೆಲ್ಲಿ ಗೆಲುವು?"

ಬಸ್ಸು ಬಂತು. ಅವನು ಊರುಗೋಲು ಊರಿ ಏಳಲು ಹೋದ. ನಾನು ತೋಳು ಹಿಡಿದು ಕೂರಿಸಿದೆ.

"ಈಗ ಹೇಗಿದ್ದೀಯೋ?" ಎಂದು ಕೇಳಿದೆ. "ಚೆನ್ನಾಗಿದೀನಿ ಅಂತ ಹೇಳ್ಬೇಡ. ಸರಿಯಾಗಿ ಹೇಳು."

ಅವನು ಊರುಗೋಲನ್ನು ಬೆಂಚಿಗೆ ಒರಗಿಸಿಟ್ಟ. ಆಮೇಲೆ ಹೇಳತೊಡಗಿದ. ಯಾವ ದಿನ ಹಗುರ, ಯಾವ ದಿನ ಭಾರ, ಬೆಳಿಗ್ಗೆ ಎದ್ದಾಗ ಮೊದಲು ಏನನಿಸುತ್ತದೆ, ಯಾವುದಕ್ಕೆ ಹೆದರಿಕೆ, ಎಲ್ಲ ಹೇಳಿದ. ನಾನು ನಡುವೆ ಬಾಯಿ ಹಾಕಲಿಲ್ಲ, ನನ್ನ ಮಟ್ಟಿಗೆ ಅದೊಂದು ಪವಾಡ. ಎರಡು ಬಸ್ಸು ಬಿಟ್ಟೆವು. ಮೂರನೆಯದೂ ಬಂದು ನಿಂತಿತು, ಕಂಡಕ್ಟರು "ಬರ್ತೀರೇನಮ್ಮಾ?" ಎಂದು ಕೂಗಿದ.

"ಇರಪ್ಪಾ, ನನ್ ತಮ್ಮ ಮಾತಾಡ್ತಿದಾನೆ" ಎಂದೆ.